ಊರಿನ ನಿದ್ದೆ ಅಳೆಯುವುದು ಹೇಗೆ: ಪ್ರಶ್ನಾವಳಿ ಹಿಡಿದು ಮನೆಮನೆಗೆ ಹೋಗುವವರಿಗೆ ಒಂದು ಮಾರ್ಗದರ್ಶಿ

ಶಿಡ್ಲಘಟ್ಟದ ಕಡೆ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಹುಳುಗಳು ನಾಲ್ಕನೇ ಜ್ವರದಿಂದ (ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ಹೀಗನ್ನುತ್ತಾರೆ) ಎದ್ದು ನಾಲ್ಕು ದಿನ ಆಗಿತ್ತು. ಸೊಪ್ಪು ತಿನ್ನುವ ಸದ್ದು ಬಾಗಿಲ ತನಕ ಕೇಳಿಸುತ್ತಿತ್ತು. ಆ ಮನೆಯ ಅಮ್ಮನನ್ನು ಕೇಳಿದೆ, "ಅಮ್ಮಾ, ರಾತ್ರಿ ನಿದ್ದೆ ಹೇಗೆ ಬರುತ್ತೆ?"

"ನಿದ್ದೆಗೇನಪ್ಪ, ಮಲಗಿದರೆ ಸಾಕು ಬರುತ್ತೆ. ಪರವಾಗಿಲ್ಲ."

ಆಮೇಲೆ ಗಂಟೆ ಕೇಳಿದೆ. ಹತ್ತಕ್ಕೆ ಮಲಗುತ್ತಾರೆ. ಒಂದು ಗಂಟೆಗೆ ಎದ್ದು ಹುಳು ನೋಡಿ, ಸೊಪ್ಪು ಕಡಿಮೆ ಇದ್ದರೆ ಹಾಕುತ್ತಾರೆ. ಮತ್ತೆ ಮಲಗಿದರೆ ಮಂಡಿ ನೋವಿಗೆ ಎಚ್ಚರ. ಐದಕ್ಕೆ ಹಾಲು ಕರೆಯಬೇಕು, ಡೇರಿಗೆ ಹಾಕಬೇಕು. ಕೂಡಿಸಿ ನೋಡಿದರೆ ಐದೂವರೆ ಗಂಟೆ ನಿದ್ದೆ, ಅದೂ ಮೂರು ತುಂಡು.

ಊರಿನ ಜನರ ನಿದ್ದೆ ಅಳೆಯಲು ಹೊರಟವರು ಮೊದಲು ತಿಳಿಯಬೇಕಾದದ್ದು ಇದನ್ನೇ. "ನಿದ್ದೆ ಹೇಗಿದೆ" ಅಂತ ಕೇಳಿದರೆ "ಪರವಾಗಿಲ್ಲ" ಅನ್ನುತ್ತಾರೆ. ಎಷ್ಟು ಹೊತ್ತಿಗೆ, ಎಷ್ಟು ಸಲ, ವಾರಕ್ಕೆ ಎಷ್ಟು ದಿನ ಅಂತ ಬಿಡಿಸಿ ಕೇಳಿದಾಗಲೇ ವಿಷಯ ಹೊರಗೆ ಬರುವುದು. ಪ್ರಶ್ನಾವಳಿ ಇರುವುದೇ ಹಾಗೆ ಬಿಡಿಸಿ ಕೇಳುವುದಕ್ಕೆ. ಅದರಲ್ಲಿರುವ ಪ್ರಶ್ನೆಗಳು ಬೇರೆ ದೇಶದಲ್ಲಿ, ಬೇರೆ ಥರದ ಮನೆಗಳಲ್ಲಿ ಮಲಗುವವರಿಗಾಗಿ ಬರೆದವು. ಅಂಕಗಳನ್ನು ಕೆಡಿಸದೆ ಅದನ್ನು ನಮ್ಮ ಮನೆಬಾಗಿಲಲ್ಲಿ ಕೇಳುವುದು ಹೇಗೆ? ಕಾಲೇಜು ವಿದ್ಯಾರ್ಥಿಗಳು, ನರ್ಸಿಂಗ್ ಓದುವವರು, ಆಶಾ ಕಾರ್ಯಕರ್ತೆಯರು, ಊರಿನ ಆರೋಗ್ಯದ ಬಗ್ಗೆ ಕಾಳಜಿ ಇರುವ ಯಾರೇ ಆಗಲಿ, ಈ ಕೆಲಸಕ್ಕೆ ಇಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಏನು ತಿಳಿಯಬೇಕು ಅಂತ ತೀರ್ಮಾನಿಸಿ, ಆಮೇಲೆ ಪ್ರಶ್ನಾವಳಿ ಆರಿಸಿ

ಎಲ್ಲ ಪ್ರಶ್ನಾವಳಿಗಳೂ ಒಂದೇ ವಿಷಯ ಅಳೆಯುವುದಿಲ್ಲ. ಇಲ್ಲಿ ಎಡವಿದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಒಟ್ಟಾರೆ ನಿದ್ದೆ ಹೇಗಿದೆ ಅಂತ ತಿಳಿಯಬೇಕಾದರೆ ಪಿಟ್ಸ್‌ಬರ್ಗ್ ಸ್ಲೀಪ್ ಕ್ವಾಲಿಟಿ ಇಂಡೆಕ್ಸ್, ಚಿಕ್ಕದಾಗಿ ಪಿಎಸ್‌ಕ್ಯುಐ. ಅಮೆರಿಕದ ಡೇನಿಯಲ್ ಬೈಸ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ್ದು. ಕಳೆದ ಒಂದು ತಿಂಗಳ ನಿದ್ದೆಯ ಬಗ್ಗೆ ವ್ಯಕ್ತಿಯನ್ನೇ ಕೇಳುವ 19 ಪ್ರಶ್ನೆಗಳಿವೆ. ಪಕ್ಕದಲ್ಲಿ ಮಲಗುವವರನ್ನು ಕೇಳುವ 5 ಪ್ರಶ್ನೆಗಳು ಬೇರೆ ಇವೆ, ಅವು ಅಂಕಕ್ಕೆ ಸೇರುವುದಿಲ್ಲ. 19 ಉತ್ತರಗಳಿಂದ 7 ಭಾಗಗಳಾಗುತ್ತವೆ. ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 0ಯಿಂದ 21. ಅಂಕ ಜಾಸ್ತಿ ಆದಷ್ಟೂ ನಿದ್ದೆ ಕೆಟ್ಟದ್ದು. 5ಕ್ಕಿಂತ ಜಾಸ್ತಿ ಬಂದರೆ "ಚೆನ್ನಾಗಿ ನಿದ್ದೆ ಆಗುತ್ತಿಲ್ಲ" ಅನ್ನುವ ಗುಂಪು.

ನಿದ್ದೆ ಬಾರದ ತೊಂದರೆ ಎಷ್ಟು ಜೋರಾಗಿದೆ ಅಂತ ಮಾತ್ರ ನೋಡಬೇಕಾದರೆ ಇನ್‌ಸೋಮ್ನಿಯಾ ಸಿವಿಯರಿಟಿ ಇಂಡೆಕ್ಸ್ ಸಾಕು. ಕೆನಡಾದ ಚಾರ್ಲ್ಸ್ ಮೊರಿನ್ ರೂಪಿಸಿದ್ದು. 7 ಪ್ರಶ್ನೆ, ಒಂದೊಂದಕ್ಕೂ 0ಯಿಂದ 4, ಒಟ್ಟು 28. 7ರ ತನಕ ತೊಂದರೆ ಇಲ್ಲ, 8ರಿಂದ 14 ಸ್ವಲ್ಪ, 15ರಿಂದ 21 ಮಧ್ಯಮ, 22 ಮತ್ತು ಅದಕ್ಕೂ ಮೇಲೆ ಗಂಭೀರ. ಗಂಟೆಯ ಲೆಕ್ಕ ಇಲ್ಲದ ಕಾರಣ ಬೇಗ ಮುಗಿಯುತ್ತದೆ.

ಹಗಲು ತೂಕಡಿಕೆ ನೋಡಬೇಕಾದರೆ ಎಪ್‌ವರ್ತ್ ಸ್ಲೀಪಿನೆಸ್ ಸ್ಕೇಲ್. ಮೆಲ್ಬರ್ನ್‌ನ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. 8 ಸಂದರ್ಭ ಹೇಳಿ, ಆಗ ತೂಕಡಿಸುವ ಸಾಧ್ಯತೆ ಎಷ್ಟು ಅಂತ ಕೇಳುತ್ತದೆ. 24ಕ್ಕೆ 10ಕ್ಕಿಂತ ಜಾಸ್ತಿ ಬಂದರೆ ಹಗಲು ನಿದ್ದೆ ಅತಿ ಅಂತ ಲೆಕ್ಕ. ಇದು ರಾತ್ರಿ ನಿದ್ದೆಯ ಅಳತೆ ಅಲ್ಲ. ರಾತ್ರಿ ಕಣ್ಣಿಗೆ ಕಣ್ಣು ಹತ್ತದವರು ಹಗಲೂ ತೂಕಡಿಸದೆ ಇರಬಹುದು. ಅಂಥವರ ತೊಂದರೆ ಈ ಸ್ಕೇಲಿನಲ್ಲಿ ಕಾಣುವುದೇ ಇಲ್ಲ. ಇನ್ನು ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಲ್ಲುವ ಅನುಮಾನಕ್ಕೆ ಸ್ಟಾಪ್-ಬ್ಯಾಂಗ್ ಅನ್ನುವ 8 ಹೌದು-ಇಲ್ಲ ಪ್ರಶ್ನೆಗಳಿವೆ. ಅದಕ್ಕೆ ಕತ್ತಿನ ಸುತ್ತಳತೆ, ತೂಕ, ಎತ್ತರ ಎಲ್ಲ ಬೇಕು. ಟೇಪು, ತೂಕದ ಯಂತ್ರ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಊರಿನ ಸಾಮಾನ್ಯ ಜನರ ಸಮೀಕ್ಷೆಗೆ ನಾನು ಪಿಎಸ್‌ಕ್ಯುಐ ಅನ್ನೇ ಹೇಳುತ್ತೇನೆ. ಲೆಕ್ಕ ಸ್ವಲ್ಪ ತಲೆನೋವು, ನಿಜ. ಆದರೆ ಮಲಗಿದ ಹೊತ್ತು, ಎದ್ದ ಹೊತ್ತು, ಮಧ್ಯೆ ಎಚ್ಚರ, ನೋವು, ಸೆಕೆ, ಮಾತ್ರೆ ಎಲ್ಲವೂ ಬೇರೆ ಬೇರೆಯಾಗಿ ಸಿಗುತ್ತವೆ. ಒಟ್ಟು ಅಂಕಕ್ಕಿಂತ ಆ ಬಿಡಿ ಉತ್ತರಗಳೇ ಊರಿಗೆ ಹೆಚ್ಚು ಉಪಯೋಗ. ಮುಂದೆ ಬರೆಯುವುದೆಲ್ಲ ಇದನ್ನೇ ಇಟ್ಟುಕೊಂಡು.

ಒಂದು ಮಾತು. ಇವೆಲ್ಲ ಹಕ್ಕುಸ್ವಾಮ್ಯ ಇರುವ ಪ್ರಶ್ನಾವಳಿಗಳು. ಬಳಸುವ ಮೊದಲು ಹಕ್ಕುದಾರರಿಂದ ಅನುಮತಿ ಪಡೆಯಿರಿ. ಅನುಮತಿ ಕೇಳುವಾಗಲೇ ಕನ್ನಡದ ಅಧಿಕೃತ ಅನುವಾದ ಇದೆಯಾ ಅಂತ ವಿಚಾರಿಸಿ. ಇದ್ದರೆ ಅದನ್ನೇ ಬಳಸಿ, ನೀವೇ ಹೊಸದಾಗಿ ಬರೆಯಬೇಡಿ. ಕಾಲೇಜಿನ ಮೂಲಕ ಮಾಡುತ್ತಿದ್ದರೆ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ಮುಂಚೆ ಒಂದೇ ಒಂದು ಮನೆಗೂ ಹೋಗಬೇಡಿ.

ಎರಡನೇ ಹೆಜ್ಜೆ: ಮಾತು ಸರಿಮಾಡಿಕೊಳ್ಳಿ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಕನ್ನಡ ಪ್ರತಿ ಒಂದಿದ್ದರೆ ಸಾಲದು. ಬಾಗೇಪಲ್ಲಿ, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮನೆಮಾತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕುಟುಂಬಗಳಲ್ಲಿ ಉರ್ದು ಮಾತಾಡುವವರು ತುಂಬಾ ಇದ್ದಾರೆ. ಕನ್ನಡ ಪ್ರತಿ ಕೈಯಲ್ಲಿ ಹಿಡಿದು ಬಾಯಲ್ಲಿ ತೆಲುಗಿಗೆ ತಿರುಗಿಸಿ ಕೇಳುವುದು ನಮ್ಮಲ್ಲಿ ಮಾಮೂಲು. ಅಂಗಡಿಯಲ್ಲಿ ಅದು ನಡೆಯುತ್ತದೆ, ಸಮೀಕ್ಷೆಯಲ್ಲಿ ನಡೆಯಬಾರದು. ಕೇಳುವವರು ಐದು ಜನ ಇದ್ದರೆ ಐದು ಥರದ ಪ್ರಶ್ನೆ ಆಗಿಬಿಡುತ್ತದೆ. ಮೂರು ಭಾಷೆಯ ಪ್ರತಿಯೂ ಮುದ್ರಿಸಿ ಜೊತೆಗಿಟ್ಟುಕೊಳ್ಳಿ.

ಅನುವಾದ ನೀವೇ ಮಾಡಬೇಕಾಗಿ ಬಂದರೆ ದಾರಿ ಇದು. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರುತ್ತಾರೆ. ಎರಡನ್ನೂ ಕೂತು ಒಂದು ಮಾಡುತ್ತೀರಿ. ಮೂಲ ನೋಡಿಲ್ಲದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎಲ್ಲಿ ಅರ್ಥ ಜಾರಿತು ಅಂತ ಆಗ ಕಾಣುತ್ತದೆ. ಕೊನೆಗೆ ಹತ್ತು ಹದಿನೈದು ಜನಕ್ಕೆ ಓದಿ ಹೇಳಿ, ಪ್ರತಿ ಪ್ರಶ್ನೆ ಆದಮೇಲೆ "ಈಗ ನಾನು ಏನು ಕೇಳಿದೆ ಅಂತ ನಿಮಗೆ ಅನ್ನಿಸಿತು?" ಅಂತ ವಿಚಾರಿಸಬೇಕು. ಈ ಕೊನೆಯ ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಮತ್ತೊಂದಿಲ್ಲ.

"ನಿದ್ರೆಯ ಗುಣಮಟ್ಟ" ಅಂದರೆ ಹಳ್ಳಿಯಲ್ಲಿ ಮುಖ ನೋಡುತ್ತಾರೆ. ಗುಣಮಟ್ಟ ಅನ್ನುವುದು ರೇಷ್ಮೆ ಗೂಡಿಗೆ, ಹಾಲಿಗೆ ಹೇಳುವ ಮಾತು. "ಒಟ್ಟಾರೆ ನಿದ್ದೆ ಹೇಗಿತ್ತು ಅಂತೀರಿ?" ಅಂದರೆ ಸಾಕು. ಅದಕ್ಕೆ ನಾಲ್ಕು ಉತ್ತರ ಇರಬೇಕು: ತುಂಬಾ ಚೆನ್ನಾಗಿತ್ತು, ಸಾಕಷ್ಟು ಚೆನ್ನಾಗಿತ್ತು, ಅಷ್ಟು ಚೆನ್ನಾಗಿರಲಿಲ್ಲ, ತೀರಾ ಕೆಟ್ಟದಾಗಿತ್ತು. "ಪರವಾಗಿಲ್ಲ", "ಸುಮಾರು" ಎರಡನ್ನೂ ಉತ್ತರದ ಪಟ್ಟಿಯೊಳಗೆ ಸೇರಿಸಬೇಡಿ. "ಪರವಾಗಿಲ್ಲ" ಅಂದರೆ ಚೆನ್ನಾಗಿದೆ ಅಂತಲೂ ಆಯಿತು, ಕಷ್ಟ ಇದೆ ಆದರೆ ತಡೆದುಕೊಂಡಿದ್ದೇನೆ ಅಂತಲೂ ಆಯಿತು. ಯಾರಾದರೂ "ಪರವಾಗಿಲ್ಲ" ಅಂದರೆ ನಾಲ್ಕನ್ನೂ ಮತ್ತೊಮ್ಮೆ ಓದಿ ಹೇಳಿ, ಅವರೇ ಆರಿಸಲಿ.

"ಹಾಸಿಗೆಗೆ ಹೋಗುವ ಸಮಯ" ಅನ್ನುವಲ್ಲೂ ಜಾಗ್ರತೆ. ಟೀವಿ ನೋಡುತ್ತಾ ಚಾಪೆ ಮೇಲೆ ಒರಗಿದ್ದು ಲೆಕ್ಕಕ್ಕಿಲ್ಲ. "ಇನ್ನು ನಿದ್ದೆ ಮಾಡೋಣ ಅಂತ ಮಲಗುವುದು ಎಷ್ಟು ಹೊತ್ತಿಗೆ?" ಅಂತ ಕೇಳಿ. ಹಾಗೆಯೇ ಎಚ್ಚರ ಆಗುವುದು ಬೇರೆ, ಏಳುವುದು ಬೇರೆ. ಪಿಎಸ್‌ಕ್ಯುಐ ಕೇಳುವುದು ಹಾಸಿಗೆ ಬಿಟ್ಟು ಎದ್ದ ಹೊತ್ತು. ನನ್ನ ಮೊದಲ ಸಮೀಕ್ಷೆಯಲ್ಲಿ ಈ ವ್ಯತ್ಯಾಸ ನನ್ನ ತಲೆಗೆ ಹೊಳೆಯಲಿಲ್ಲ. ನಾಲ್ಕಕ್ಕೆ ಎಚ್ಚರವಾಗಿ ಐದೂವರೆ ತನಕ ಹೊರಳಾಡುವ ಹಿರಿಯರನ್ನೆಲ್ಲ "ನಾಲ್ಕಕ್ಕೆ ಏಳುತ್ತಾರೆ" ಅಂತ ಬರೆದುಕೊಂಡೆ. ಅವರ ಒಂದೂವರೆ ಗಂಟೆಯ ಹೊರಳಾಟ ಲೆಕ್ಕದಿಂದಲೇ ಮಾಯವಾಯಿತು. ಕಾಗದಗಳನ್ನೆಲ್ಲ ಬದಿಗಿಟ್ಟು ಮತ್ತೆ ಅದೇ ಮನೆಗಳಿಗೆ ಹೋಗಬೇಕಾಯಿತು.

ಎಪ್‌ವರ್ತ್ ಬಳಸುವವರಿಗೂ ಒಂದು ಮಾತು. ಅದರಲ್ಲಿ ಕಾರಿನ ಪ್ರಶ್ನೆ ಎರಡಿವೆ. ಕಾರೇ ಹತ್ತದವರಿಗೆ ಏನು ಮಾಡುವುದು? ಆ ಕೆಲಸ ಈಚೆಗೆ ಮಾಡಿರದಿದ್ದರೂ, ಮಾಡಿದ್ದರೆ ಹೇಗಾಗುತ್ತಿತ್ತು ಅಂತ ಊಹಿಸಿ ಹೇಳಿ ಅಂತ ಪ್ರಶ್ನಾವಳಿಯೇ ಹೇಳುತ್ತದೆ. ಕಾರಿನ ಬದಲು ಬಸ್ಸು ಅಂತ ಬದಲಿಸಿಕೊಳ್ಳುವುದಾದರೆ ಅನುಮತಿ ಕೇಳುವಾಗಲೇ ಹೇಳಿ, ವರದಿಯಲ್ಲೂ ಬರೆಯಿರಿ.

ಮೂರನೇ ಹೆಜ್ಜೆ: ಎಷ್ಟು ಜನ, ಯಾರು, ಯಾವ ತಿಂಗಳು

ಎಷ್ಟು ಜನ ಅನ್ನುವುದಕ್ಕೆ ಸೂತ್ರ ಇದೆ. ನಿದ್ದೆ ಕೆಟ್ಟವರು ಎಷ್ಟು ಪಾಲು ಅಂತ ಮೊದಲೇ ಗೊತ್ತಿಲ್ಲದಿದ್ದರೆ 50 ಪರ್ಸೆಂಟ್ ಅಂತ ಇಟ್ಟುಕೊಳ್ಳುತ್ತಾರೆ. 5 ಪರ್ಸೆಂಟ್ ಆಚೀಚೆ ಆದರೂ ಸಾಕು, 95 ಪರ್ಸೆಂಟ್ ನಂಬಿಕೆ ಬೇಕು ಅಂದರೆ 384 ಜನ. ಹತ್ತಕ್ಕೆ ಒಬ್ಬರು ಸಿಗುವುದಿಲ್ಲ ಅಂತ ಹಿಡಿದರೆ 427. ಮೊದಲು ಕೆಲವು ಹಳ್ಳಿ ಆರಿಸಿ ಅವುಗಳೊಳಗೆ ಮನೆ ಆರಿಸುವುದಾದರೆ ಇನ್ನೂ ಜಾಸ್ತಿ ಬೇಕು. ಒಂದೇ ಹಳ್ಳಿಯವರ ದಿನಚರಿ ಒಂದೇ ಥರ ಇರುತ್ತದೆ ಅಲ್ವಾ, ಅದಕ್ಕೆ. ಆಗ ಒಂದೂವರೆ ಪಟ್ಟೋ ಎರಡು ಪಟ್ಟೋ ಮಾಡುವುದು ರೂಢಿ.

ಯಾರು ಅನ್ನುವುದು ಇದಕ್ಕಿಂತ ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಹಳ್ಳಿಗೆ ಹೋಗಿ ಸಿಕ್ಕವರನ್ನು ಕೇಳಿದರೆ ವಯಸ್ಸಾದವರು, ಬಾಣಂತಿಯರು, ಮೈ ಹುಷಾರಿಲ್ಲದವರು ಸಿಗುತ್ತಾರೆ. ಮುಂಜಾನೆಯ ಬಸ್ಸು ಹಿಡಿದು ಕೆಲಸಕ್ಕೆ ಬೆಂಗಳೂರಿಗೆ ಹೋಗುವವರು, ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದು ಬಾಗಿಲು ಹಾಕಿಕೊಂಡು ಮಲಗಿರುವವರು ತಪ್ಪಿಹೋಗುತ್ತಾರೆ. ನಿದ್ದೆಯ ಸಮೀಕ್ಷೆಯಲ್ಲಿ ಅವರೇ ತಪ್ಪಿದರೆ ಏನು ಉಳಿಯಿತು? ಆಶಾ ಅವರ ಮನೆ ಪಟ್ಟಿಯೋ ಮತದಾರರ ಪಟ್ಟಿಯೋ ತೆಗೆದುಕೊಳ್ಳಿ. ಚೀಟಿ ಎತ್ತಿ ಮೊದಲ ಮನೆ ಗೊತ್ತುಮಾಡಿ. ಅಲ್ಲಿಂದ ಇಷ್ಟಿಷ್ಟು ಮನೆಗೆ ಒಂದು ಅಂತ ಹೋಗಿ. ಮನೆಯೊಳಗೆ ಮಾತಾಡಲು ಮುಂದೆ ಬಂದವರನ್ನೇ ಹಿಡಿಯಬೇಡಿ. 18 ದಾಟಿದವರಲ್ಲಿ ಮುಂದಿನ ಹುಟ್ಟುಹಬ್ಬ ಯಾರದು ಹತ್ತಿರವೋ ಅವರನ್ನೇ ಕೇಳಿ. ಹುಟ್ಟಿದ ದಿನ ಗೊತ್ತಿಲ್ಲದ ಮನೆಯಲ್ಲಿ ಹೆಸರು ಬರೆದು ಚೀಟಿ ಎತ್ತಿದರಾಯಿತು. ಅವರು ಮನೆಯಲ್ಲಿಲ್ಲದಿದ್ದರೆ ಸಂಜೆ ಒಂದು ಸಲ, ಭಾನುವಾರ ಒಂದು ಸಲ ಮತ್ತೆ ಹೋಗಿ.

ಯಾವ ತಿಂಗಳು ಅನ್ನುವುದನ್ನು ಹೊರಗಿನವರು ಯೋಚಿಸುವುದಿಲ್ಲ, ನಾವು ಯೋಚಿಸಲೇಬೇಕು. ಪಿಎಸ್‌ಕ್ಯುಐ ನೋಡುವುದು ಹಿಂದಿನ ಒಂದು ತಿಂಗಳು. ಚಾಕಿ ಹುಳು (ಎಳೆಯ ರೇಷ್ಮೆ ಹುಳು) ಮನೆಗೆ ತಂದಾಗಿನಿಂದ ಗೂಡು ಬಿಡಿಸುವ ತನಕದ ಒಂದು ಬೆಳೆ ಹೆಚ್ಚುಕಡಿಮೆ ಆ ತಿಂಗಳೊಳಗೇ ಮುಗಿಯುತ್ತದೆ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಹಾಕುವ ದಿನಗಳಲ್ಲಿ ಮನೆಮಂದಿಗೆಲ್ಲ ರಾತ್ರಿಯೂ ಹಗಲೇ. ಬೆಳೆ ಇದ್ದ ತಿಂಗಳು ಕೇಳಿದರೆ ಒಂದು ಅಂಕ, ಖಾಲಿ ಇದ್ದ ತಿಂಗಳು ಕೇಳಿದರೆ ಇನ್ನೊಂದು ಅಂಕ. ಬೋರ್‌ವೆಲ್ ಮೋಟರಿಗೆ ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಕಡೆ ತೋಟಕ್ಕೆ ನೀರು ಕಟ್ಟುವವರ ಕಥೆಯೂ ಹೀಗೆಯೇ. ಏಪ್ರಿಲ್ ಸೆಕೆ ಬೇರೆ, ಜಾತ್ರೆಯ ಮೈಕು ಬೇರೆ. ಇದಕ್ಕೆಲ್ಲ ಹೆದರಿ ಸಮೀಕ್ಷೆ ನಿಲ್ಲಿಸಬೇಕಿಲ್ಲ. ಹೆಚ್ಚುವರಿ ಹಾಳೆ ಒಂದರಲ್ಲಿ ನಿಮ್ಮದೇ ನಾಲ್ಕು ಪ್ರಶ್ನೆ ಸೇರಿಸಿ: ಈ ತಿಂಗಳು ಮನೆಯಲ್ಲಿ ಹುಳು ಇತ್ತಾ, ರಾತ್ರಿ ಮೋಟರ್ ಹಾಕಲು ಹೋಗುತ್ತಿದ್ದಿರಾ, ರಾತ್ರಿ ಪಾಳಿ ಇತ್ತಾ, ಮಧ್ಯಾಹ್ನ ಎಷ್ಟು ಹೊತ್ತು ಮಲಗುತ್ತೀರಿ. ಈ ನಾಲ್ಕನ್ನು ಅಂಕಕ್ಕೆ ಸೇರಿಸಬೇಡಿ. ಪಿಎಸ್‌ಕ್ಯುಐ ಕೇಳುವುದು ರಾತ್ರಿ ನಿದ್ದೆ, ಮಧ್ಯಾಹ್ನದ ಜೊಂಪನ್ನು ಅದರೊಳಗೆ ತುರುಕಿದರೆ ಬೇರೆ ಊರಿನ ಅಂಕದ ಜೊತೆ ಹೋಲಿಸಲು ಆಗುವುದಿಲ್ಲ.

ನಾಲ್ಕನೇ ಹೆಜ್ಜೆ: ಮನೆಬಾಗಿಲಲ್ಲಿ

ಪಿಎಸ್‌ಕ್ಯುಐ ಮೂಲದಲ್ಲಿ ಓದಿಕೊಂಡು ತಾವೇ ತುಂಬುವ ಪ್ರಶ್ನಾವಳಿ. ಐದರಿಂದ ಹತ್ತು ನಿಮಿಷ ಸಾಕು. ನಮ್ಮಲ್ಲಿ ಓದಿ ಹೇಳಿ ಬರೆದುಕೊಳ್ಳಬೇಕಾದವರೇ ಜಾಸ್ತಿ, ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಅವರೇ ತುಂಬಿದರೋ ನೀವು ಓದಿ ಕೇಳಿದಿರೋ ಅನ್ನುವುದನ್ನು ಪ್ರತಿ ಹಾಳೆಯ ಮೇಲೂ ಗುರುತು ಮಾಡಿ.

ಮೊದಲು ಯಾಕೆ ಬಂದಿದ್ದೀರಿ ಅಂತ ಹೇಳಿ. ಬೇಡ ಅಂದರೆ ಬೇಜಾರಿಲ್ಲ, ಮಧ್ಯದಲ್ಲಿ ನಿಲ್ಲಿಸಬಹುದು, ಹೆಸರು ಎಲ್ಲೂ ಬರುವುದಿಲ್ಲ ಅಂತ ಹೇಳಿ ಒಪ್ಪಿಗೆ ಪಡೆಯಿರಿ. ಆಮೇಲೆ ಸ್ವಲ್ಪ ಬದಿಗೆ ಕೂರಿಸಿಕೊಂಡು ಕೇಳಿ. ಜಗಲಿ ತುದಿ, ಹಿತ್ತಲು, ದನದ ಕೊಟ್ಟಿಗೆಯ ನೆರಳು, ಎಲ್ಲಾದರೂ ಸರಿ. ಅತ್ತೆ ಎದುರಿಗೆ ಕೂತಿದ್ದರೆ ಸೊಸೆ "ನನಗೆ ಹಗಲು ಕೆಲಸದಲ್ಲಿ ಹುರುಪೇ ಇರಲ್ಲ" ಅಂತ ಹೇಳುವುದಿಲ್ಲ. ಮಗ ಎದುರಿಗಿದ್ದರೆ ಅಪ್ಪ ನಿದ್ದೆ ಮಾತ್ರೆ ತಗೊಳ್ಳುವ ವಿಷಯ ಎತ್ತುವುದಿಲ್ಲ. ಹೆಂಗಸರನ್ನು ಹೆಂಗಸರೇ ಕೇಳುವ ಹಾಗೆ ತಂಡ ಮಾಡಿದರೆ ಒಳ್ಳೆಯದು.

ಕಳೆದ ಒಂದು ತಿಂಗಳು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ಇವತ್ತಿನಿಂದ ತಿಂಗಳು ಹಿಂದಕ್ಕೆ ಲೆಕ್ಕ ಹಾಕಿ ಅಂದರೆ ಯಾರಿಗೂ ಸುಲಭ ಅಲ್ಲ. ಅದರ ಹತ್ತಿರದ ಹಬ್ಬವನ್ನೋ ಅಮಾವಾಸ್ಯೆಯನ್ನೋ ಹಿಡಿಯಿರಿ. "ಹೋದ ಅಮಾವಾಸ್ಯೆ ಆದಮೇಲೆ ಇಲ್ಲಿಯ ತನಕ" ಅಂದರೆ ಅಜ್ಜಿಯರಿಗೆ ನಮಗಿಂತ ಚೆನ್ನಾಗಿ ದಿನ ಗೊತ್ತಿರುತ್ತದೆ. ಹೊರಡುವ ಮುಂಚೆ ಕ್ಯಾಲೆಂಡರ್ ನೋಡಿ ಆ ವಾರಕ್ಕೆ ಯಾವುದು ಹೊಂದುತ್ತದೆ ಅಂತ ಇಡೀ ತಂಡ ಒಂದೇ ಗುರುತು ಇಟ್ಟುಕೊಳ್ಳಲಿ.

ಎಷ್ಟು ಸಲ ಅನ್ನುವ ಪ್ರಶ್ನೆಗಳೇ ಕಷ್ಟದವು. ಉತ್ತರ ನಾಲ್ಕು, ಅವಕ್ಕೆ ಅಂಕ ಕ್ರಮವಾಗಿ 0, 1, 2, 3: ಈ ತಿಂಗಳು ಇಲ್ಲವೇ ಇಲ್ಲ, ವಾರಕ್ಕೆ ಒಂದಕ್ಕಿಂತ ಕಡಿಮೆ, ವಾರಕ್ಕೆ ಒಂದೋ ಎರಡೋ ಸಲ, ವಾರಕ್ಕೆ ಮೂರು ಅಥವಾ ಜಾಸ್ತಿ. ಒಂದೇ ಉಸಿರಿಗೆ ನಾಲ್ಕನ್ನೂ ಓದಿದರೆ ಕೊನೆಯದನ್ನೇ ಹೇಳಿಬಿಡುತ್ತಾರೆ. ನಾನು ಏಳು ಹುಣಸೆ ಬೀಜ ಜೇಬಲ್ಲಿಟ್ಟುಕೊಂಡು ಹೋಗುತ್ತೇನೆ. ಮೊದಲು "ಈ ತಿಂಗಳಲ್ಲಿ ಒಂದು ಸಲವಾದರೂ ಹೀಗಾಗಿತ್ತಾ?" ಅಂತ ಕೇಳುವುದು. ಹೌದು ಅಂದರೆ "ವಾರ ವಾರವೂ ಆಗುತ್ತಾ, ಅಥವಾ ಅಪರೂಪಕ್ಕಾ?" ವಾರವೂ ಅಂದರೆ ಏಳು ಬೀಜ ಮುಂದಿಟ್ಟು "ಇದು ಏಳು ರಾತ್ರಿ. ಎಷ್ಟು ರಾತ್ರಿ ಹೀಗಾಗುತ್ತೆ, ಅಷ್ಟು ಈ ಕಡೆ ತಳ್ಳಿ." ಬೀಜ ಕೈಗೆ ಸಿಕ್ಕ ಕೂಡಲೇ ಜನ ನಿಧಾನವಾಗಿ ಯೋಚಿಸುತ್ತಾರೆ. ಒಂದು ಬೀಜ ತಳ್ಳಿ, ತಡೆದು, ಇನ್ನೊಂದು ತಳ್ಳುತ್ತಾರೆ. ಆ ತಡೆಯುವ ಹೊತ್ತನ್ನು ನೀವು ಮಾತಿನಿಂದ ತುಂಬಬೇಡಿ.

ಗಂಟೆ ಬರೆಯುವಾಗ ರಾತ್ರಿ, ಬೆಳಗಿನ ಜಾವ ಅಂತ ಪಕ್ಕದಲ್ಲಿ ಬರೆಯಿರಿ. ಸುಮ್ನೆ "12" ಅಂತ ಬರೆದರೆ ಸಂಜೆ ಮನೆಗೆ ಬಂದು ನೋಡುವಾಗ ಮಧ್ಯಾಹ್ನವೋ ಮಧ್ಯರಾತ್ರಿಯೋ ಗೊತ್ತಾಗುವುದಿಲ್ಲ. ಗಡಿಯಾರ ನೋಡದವರೂ ಇದ್ದಾರೆ. ಅವರಿಗೆ ಕೊನೆಯ ಬಸ್ಸು, ಮಸೀದಿಯ ಬೆಳಗಿನ ಆಜಾನ್, ಡೇರಿಗೆ ಹಾಲು ಹಾಕುವ ಹೊತ್ತು, ದೇವಸ್ಥಾನದ ಮೈಕು, ಇವೇ ಗಡಿಯಾರ. ಅವುಗಳ ಸಮಯ ಮೊದಲೇ ವಿಚಾರಿಸಿ ಹಾಳೆಯ ತಲೆಯಲ್ಲಿ ಬರೆದಿಟ್ಟುಕೊಳ್ಳಿ.

ನಿದ್ದೆ ಎಷ್ಟು ಗಂಟೆ ಬಂತು ಅನ್ನುವುದನ್ನು ನೀವು ಲೆಕ್ಕ ಹಾಕಿ ಹೇಳಬೇಡಿ. ಅವರ ಬಾಯಿಂದಲೇ ಬರಲಿ. ಆದರೆ ಹತ್ತಕ್ಕೆ ಮಲಗಿ ಐದಕ್ಕೆ ಏಳುವವರು "ಎಂಟು ಗಂಟೆ ನಿದ್ದೆ" ಅಂದರೆ ಎಲ್ಲೋ ತಪ್ಪಾಗಿದೆ. ಮನೆ ಬಿಡುವ ಮುಂಚೆ ಈ ಒಂದನ್ನು ನೋಡಿಕೊಳ್ಳಿ, ಮಲಗಿದ್ದ ಹೊತ್ತಿಗಿಂತ ನಿದ್ದೆ ಜಾಸ್ತಿ ಇರಬಾರದು. ಇದ್ದರೆ ಅಲ್ಲೇ ಮೂರೂ ಪ್ರಶ್ನೆಯನ್ನು ಮತ್ತೆ ಕೇಳಿ.

ಐದನೇ ಹೆಜ್ಜೆ: ಅಂಕ ಹಾಕುವುದು

ಮೇಲೆ ಹೇಳಿದ ಆ ಅಮ್ಮನ ಥರದವರ ಹಾಳೆಯೊಂದನ್ನು ಬಿಡಿಸಿ ನೋಡೋಣ.

ಒಟ್ಟಾರೆ ನಿದ್ದೆ ಹೇಗಿತ್ತು ಅಂದಾಗ "ಸಾಕಷ್ಟು ಚೆನ್ನಾಗಿತ್ತು" ಅಂದರು. ಅದಕ್ಕೆ 1.

ನಿದ್ದೆ ಹತ್ತಲು ಎಷ್ಟು ಹೊತ್ತು? 20 ನಿಮಿಷ. 15ರ ತನಕ 0, 16ರಿಂದ 30ಕ್ಕೆ 1, 31ರಿಂದ 60ಕ್ಕೆ 2, ಅದಕ್ಕೂ ಮೇಲೆ 3. ಇವರಿಗೆ 1. ಇದರ ಜೊತೆ "ಅರ್ಧ ಗಂಟೆಯೊಳಗೆ ನಿದ್ದೆ ಬಾರದ ರಾತ್ರಿಗಳು" ಅನ್ನುವ ಪ್ರಶ್ನೆಯ ಅಂಕ ಕೂಡಿಸಬೇಕು. ವಾರಕ್ಕೆ ಎರಡು ಅಂದರು, ಅಂದರೆ 2. ಕೂಡಿದರೆ 3. ಮೊತ್ತ 0 ಆದರೆ 0, 1-2 ಆದರೆ 1, 3-4 ಆದರೆ 2, 5-6 ಆದರೆ 3. ಹಾಗಾಗಿ ಈ ಭಾಗಕ್ಕೆ 2.

ನಿದ್ದೆ ಐದೂವರೆ ಗಂಟೆ. 7ಕ್ಕಿಂತ ಜಾಸ್ತಿಗೆ 0, 6ರಿಂದ 7ಕ್ಕೆ 1, 5ರಿಂದ 6ಕ್ಕೆ 2, 5ಕ್ಕಿಂತ ಕಡಿಮೆಗೆ 3. ಇಲ್ಲಿ 2. ಸರಿಯಾಗಿ 7 ಅಥವಾ 6 ಅಂತ ಬಂದರೆ ಯಾವ ಕಡೆಗೆ ಹಾಕುತ್ತೀರಿ ಅನ್ನುವುದನ್ನು ಸಮೀಕ್ಷೆ ಶುರು ಮಾಡುವ ಮುಂಚೆಯೇ ಬರೆದಿಡಿ. "ಏಳು ಗಂಟೆ" ಅನ್ನುವ ಉತ್ತರ ತುಂಬಾ ಬರುತ್ತದೆ, ಒಂದು ಗೆರೆ ಆಚೀಚೆ ಆದರೆ ಫಲಿತಾಂಶವೇ ಅಲುಗಾಡುತ್ತದೆ.

ಮುಂದಿನದು ಮಲಗಿದ್ದ ಹೊತ್ತಿನಲ್ಲಿ ಎಷ್ಟು ಪಾಲು ನಿದ್ದೆ. ರಾತ್ರಿ ಹತ್ತರಿಂದ ಐದಕ್ಕೆ 7 ಗಂಟೆ. 5.5 ಅನ್ನು 7ರಿಂದ ಭಾಗಿಸಿ 100ರಿಂದ ಗುಣಿಸಿದರೆ 78.6. 85 ಅಥವಾ ಜಾಸ್ತಿ ಇದ್ದರೆ 0, 75ರಿಂದ 84 ಇದ್ದರೆ 1, 65ರಿಂದ 74 ಇದ್ದರೆ 2, ಅದಕ್ಕಿಂತ ಕಡಿಮೆ ಆದರೆ 3. ಇವರಿಗೆ 1. ಮಧ್ಯೆ ಎದ್ದು ಹುಳು ನೋಡಿದ ಹೊತ್ತನ್ನು ಆ 7 ಗಂಟೆಯಿಂದ ಕಳೆಯಬೇಕಾ ಅಂತ ವಿದ್ಯಾರ್ಥಿಗಳು ಯಾವಾಗಲೂ ಕೇಳುತ್ತಾರೆ. ಬೇಡ. ಮೂಲ ನಿಯಮ ಮಲಗಿದ್ದು ಮತ್ತು ಎದ್ದದ್ದು ಎರಡನ್ನೇ ನೋಡುತ್ತದೆ. ನಿಯಮ ಬದಲಿಸಬೇಡಿ, ಹುಳುವಿನ ವಿಷಯ ಹೆಚ್ಚುವರಿ ಹಾಳೆಯಲ್ಲಿದೆ.

ಆಮೇಲೆ ನಿದ್ದೆ ಕೆಡಿಸುವ ಒಂಬತ್ತು ಕಾರಣ. ಮಧ್ಯರಾತ್ರಿ ಎಚ್ಚರ 3, ಬಾತ್‌ರೂಮಿಗೆ ಏಳುವುದು 2, ಉಸಿರಾಟದ ತೊಂದರೆ 0, ಕೆಮ್ಮು ಗೊರಕೆ 0, ಚಳಿ 0, ಸೆಕೆ 1, ಕೆಟ್ಟ ಕನಸು 0, ನೋವು 3. ಕೊನೆಯದು "ಬೇರೆ ಕಾರಣ". ಹುಳುವಿನ ಕೆಲಸಕ್ಕೆ ಏಳುವುದು ಇಲ್ಲಿಗೆ ಬರುತ್ತದೆ, 3. ಒಟ್ಟು 12. 0ಗೆ 0, 1ರಿಂದ 9ಕ್ಕೆ 1, 10ರಿಂದ 18ಕ್ಕೆ 2, 19ರಿಂದ 27ಕ್ಕೆ 3. ಇಲ್ಲಿ 2. ಈ "ಬೇರೆ ಕಾರಣ"ದ ಜಾಗವನ್ನು ಖಾಲಿ ಬಿಟ್ಟು ಬರಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಮ್ಮ ಊರುಗಳ ನಿದ್ದೆಯ ಸತ್ಯವೆಲ್ಲ ಆ ಒಂದು ಸಾಲಿನಲ್ಲಿರುತ್ತದೆ: ಸಾಲದ ಯೋಚನೆ, ಟ್ಯಾಂಕರ್ ನೀರು ಬರುವ ಹೊತ್ತು, ಕುಡಿದು ಬರುವ ಗಂಡ, ಅಳುವ ಮಗು. ಅವರ ಮಾತಿನಲ್ಲೇ ಬರೆದುಕೊಳ್ಳಿ.

ನಿದ್ದೆ ಮಾತ್ರೆ ಇಲ್ಲ, 0. ಹಗಲಿನ ಭಾಗದಲ್ಲಿ ಎರಡು ಪ್ರಶ್ನೆ. ಗಾಡಿ ಓಡಿಸುವಾಗ, ಊಟ ಮಾಡುವಾಗ, ನಾಲ್ಕು ಜನರ ಜೊತೆ ಇರುವಾಗ ಎಚ್ಚರ ಇರಲು ಕಷ್ಟ ಆಯಿತಾ: 1. ಕೆಲಸಕ್ಕೆ ಹುರುಪು ಬರಲು ಕಷ್ಟ ಆಯಿತಾ: 1. ಮೊತ್ತ 2, ಭಾಗಕ್ಕೆ 1.

ಏಳೂ ಕೂಡಿಸಿ: 1, 2, 2, 1, 2, 0, 1. ಒಟ್ಟು 9. "ಪರವಾಗಿಲ್ಲ" ಅಂದವರ ಅಂಕ 21ಕ್ಕೆ 9.

ಕಂಪ್ಯೂಟರಿಗೆ ಹಾಕುವಾಗ ಒಂದೇ ಒಂದು ದೊಡ್ಡ ಅಪಾಯ ಇದೆ. ಮಧ್ಯರಾತ್ರಿ ದಾಟಿದ ಹೊತ್ತು. ಎಕ್ಸೆಲ್‌ನಲ್ಲಿ 5ರಿಂದ 22 ಕಳೆದರೆ ಮೈನಸ್ 17 ಬರುತ್ತದೆ. ಉತ್ತರ ಮೈನಸ್ ಬಂದಾಗಲೆಲ್ಲ 24 ಕೂಡಿಸುವ ಹಾಗೆ ಸೂತ್ರ ಹಾಕಿ. ಹತ್ತು ಹಾಳೆಗಳನ್ನು ಕೈಯಲ್ಲಿ ಲೆಕ್ಕ ಹಾಕಿ ಎಕ್ಸೆಲ್ ಉತ್ತರದ ಜೊತೆ ತಾಳೆ ನೋಡಿ, ಆಮೇಲೆ ಉಳಿದದ್ದು. ರಾತ್ರಿ ಪಾಳಿಯವರು ಮಲಗುವುದು ಹಗಲು. ಅವರನ್ನು ಬೇರೆ ಗುಂಪಾಗಿ ಇಡಿ, ಎಲ್ಲರ ಸರಾಸರಿಗೆ ಬೆರೆಸಬೇಡಿ.

ಆರನೇ ಹೆಜ್ಜೆ: 5ರ ಗಡಿಯನ್ನು ಎಷ್ಟು ನಂಬಬೇಕು

1989ರ ಅಧ್ಯಯನದಲ್ಲಿ 5ಕ್ಕಿಂತ ಜಾಸ್ತಿ ಅನ್ನುವ ಗಡಿ ನಿದ್ದೆ ಕೆಟ್ಟವರಲ್ಲಿ 89.6 ಪರ್ಸೆಂಟ್ ಜನರನ್ನು ಸರಿಯಾಗಿ ಗುರುತಿಸಿತು. ಚೆನ್ನಾಗಿ ನಿದ್ದೆ ಮಾಡುವವರಲ್ಲಿ 86.5 ಪರ್ಸೆಂಟ್ ಜನರನ್ನು ಚೆನ್ನಾಗಿದ್ದಾರೆ ಅಂತಲೇ ಹೇಳಿತು. ಆದರೆ ಅಲ್ಲಿ ಹೋಲಿಸಿದ್ದು ಆರೋಗ್ಯವಂತರನ್ನು ಒಂದು ಕಡೆ, ಖಿನ್ನತೆ ಇರುವವರನ್ನು ಮತ್ತು ನಿದ್ದೆಯ ಚಿಕಿತ್ಸೆಗೆ ಬಂದವರನ್ನು ಇನ್ನೊಂದು ಕಡೆ ಇಟ್ಟು. ಊರಲ್ಲಿ ಜನ ಹಾಗೆ ಎರಡು ಗುಂಪಾಗಿ ನಿಂತಿರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡಿ. 1000 ಜನರಲ್ಲಿ ನಿಜವಾಗಿ 200 ಜನಕ್ಕೆ ನಿದ್ದೆ ಕೆಟ್ಟಿದೆ ಅಂತ ಇಟ್ಟುಕೊಳ್ಳೋಣ. ಅವರಲ್ಲಿ 179 ಜನ ಸಿಗುತ್ತಾರೆ. ಉಳಿದ 800ರಲ್ಲಿ 108 ಜನ ತಪ್ಪಾಗಿ ಸೇರಿಕೊಳ್ಳುತ್ತಾರೆ. ಒಟ್ಟು 287. ನೀವು "ನೂರಕ್ಕೆ 29 ಜನರ ನಿದ್ದೆ ಕೆಟ್ಟಿದೆ" ಅಂತ ಬರೆಯುತ್ತೀರಿ, ನಿಜ ಇರುವುದು 20. ಹಾಗಾಗಿ ಶೇಕಡಾ ಒಂದನ್ನೇ ಹೇಳಬೇಡಿ. ಸರಾಸರಿ ಅಂಕ, ಏಳು ಭಾಗಗಳ ಅಂಕ ಬೇರೆ ಬೇರೆ, ನಿದ್ದೆಯ ಸರಾಸರಿ ಗಂಟೆ ಎಲ್ಲ ಕೊಡಿ. "ಇಷ್ಟು ಜನಕ್ಕೆ ನಿದ್ದೆಯ ಕಾಯಿಲೆ ಇದೆ" ಅಂತ ಮಾತ್ರ ಎಂದೂ ಬರೆಯಬೇಡಿ. ಪ್ರಶ್ನಾವಳಿ ಕಾಯಿಲೆ ಪತ್ತೆ ಮಾಡುವುದಿಲ್ಲ, ಅದು ವೈದ್ಯರ ಕೆಲಸ.

ಏಳನೇ ಹೆಜ್ಜೆ: ಕಷ್ಟ ಹೇಳಿಕೊಂಡವರನ್ನು ಅಲ್ಲೇ ಬಿಟ್ಟು ಬರಬೇಡಿ

ನಿದ್ದೆ ಕೇಳಿದರೆ ಜನ ಬದುಕನ್ನೇ ಹೇಳಿಬಿಡುತ್ತಾರೆ. ನೀವು ಬರೀ ಅಂಕ ಬರೆದುಕೊಂಡು ಎದ್ದು ಬಂದರೆ ಅದು ಅನ್ಯಾಯ. ಸಮೀಕ್ಷೆಗೆ ಹೊರಡುವ ಮೊದಲೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು, ಯಾರನ್ನು ಕಳುಹಿಸಬಹುದು ಅಂತ ಮಾತಾಡಿಕೊಂಡಿರಿ. ಉಸಿರು ಕಟ್ಟಿ ಎಚ್ಚರ ಆಗುವವರು, ಜೋರು ಗೊರಕೆ ಜೊತೆಗೆ ಬಿಪಿ ಇರುವವರು, ಗಾಡಿ ಓಡಿಸುವಾಗ ತೂಕಡಿಸುವವರು, ವೈದ್ಯರ ಚೀಟಿ ಇಲ್ಲದೆ ನಿದ್ದೆ ಮಾತ್ರೆ ನುಂಗುತ್ತಿರುವವರು ಖಂಡಿತ ಹೋಗಬೇಕು. ಮಾತ್ರೆ ತಗೊಳ್ಳುತ್ತಿರುವವರಿಗೆ "ಇವತ್ತೇ ಬಿಡಿ" ಅಂತ ನೀವು ಹೇಳಬೇಡಿ. ಒಮ್ಮೆಗೇ ಬಿಟ್ಟರೆ ತೊಂದರೆ ಆಗಬಹುದು.

ಬದುಕು ಸಾಕಾಗಿದೆ ಅನ್ನುವ ಮಾತು ಬಂದರೆ ಹಾಳೆ ಕೆಳಗಿಡಿ. ಕೇಳಿಸಿಕೊಳ್ಳಿ. ಅವರನ್ನು ಒಂಟಿಯಾಗಿ ಬಿಡದೆ ಮನೆಯವರೊಬ್ಬರ ಜೊತೆ ಅದೇ ದಿನ ವೈದ್ಯರ ಹತ್ತಿರ ಹೋಗುವ ಏರ್ಪಾಡು ಮಾಡಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿ, ಅಂಕ ನೋಡದೆ ಎಲ್ಲ ಮನೆಗೂ ಕೊಡಿ. ಎಲ್ಲರಿಗೂ ಕೊಟ್ಟರೆ ಯಾರಿಗೂ ಸಂಕೋಚ ಇರುವುದಿಲ್ಲ.

ಕೊನೆಯ ಕೆಲಸ: ಬರೆದಿಡುವುದು, ತಿಳಿಸುವುದು

ವರದಿಯ ಮೊದಲ ಪುಟದಲ್ಲೇ ಇಷ್ಟು ಇರಲಿ: ಯಾವ ತಿಂಗಳು ಕೇಳಿದಿರಿ, ಯಾವ ಭಾಷೆಯಲ್ಲಿ ಎಷ್ಟು ಜನ, ಯಾರು ಓದಿ ಕೇಳಿದರು, ಎಷ್ಟು ಮನೆಗಳಲ್ಲಿ ಯಾರೂ ಸಿಗಲಿಲ್ಲ, ಎಷ್ಟು ಜನ ಬೇಡ ಅಂದರು, 7 ಗಂಟೆಯನ್ನು ಯಾವ ಕಡೆಗೆ ಹಾಕಿದಿರಿ, ಆ ತಿಂಗಳು ಎಷ್ಟು ಮನೆಯಲ್ಲಿ ಹುಳು ಇತ್ತು. ಮುಂದಿನ ವರ್ಷ ಇನ್ನೊಂದು ತಂಡ ಅದೇ ಊರಿಗೆ ಬಂದರೆ ಅಂಕ ಹೋಲಿಸಲು ಈ ಒಂದು ಪುಟ ಇಲ್ಲದೆ ಆಗುವುದಿಲ್ಲ. ಒಪ್ಪಿಗೆ ಪತ್ರಗಳನ್ನು ಉತ್ತರದ ಹಾಳೆಗಳಿಂದ ಬೇರೆ ಮಾಡಿ, ಎರಡು ಬೇರೆ ಬೀರುಗಳಲ್ಲಿ ಬೀಗ ಹಾಕಿ ಇಡಿ.

ಆಮೇಲೆ ಊರಿಗೆ ವಾಪಸ್ ಹೋಗಿ. ಡೇರಿಯ ಮುಂದೆ ಸಂಜೆ ಹಾಲು ಹಾಕಲು ಎಲ್ಲರೂ ಸೇರುವ ಹೊತ್ತು ಒಳ್ಳೆಯದು. ಯಾರ ಹೆಸರೂ ಎತ್ತದೆ, ಊರಿನ ನಿದ್ದೆ ಯಾವ ಕಾರಣಕ್ಕೆ ಕೆಡುತ್ತಿದೆ ಅನ್ನುವುದನ್ನು ಹೇಳಿ. ಆ ಕಾರಣಗಳಲ್ಲಿ ನೋವೇ ಮೊದಲನೆಯದಾಗಿದ್ದರೆ ಮಂಡಿ ನೋವಿನ ತಪಾಸಣೆಗೆ ಒಂದು ದಿನ ಗೊತ್ತುಮಾಡಬಹುದಾ ಅಂತ ಆರೋಗ್ಯ ಕೇಂದ್ರದವರನ್ನು ಆ ದಿನವೇ ಜೊತೆಗೆ ಕರೆದುಕೊಂಡು ಹೋಗಿ ಕೇಳಿ. ಮೋಟರಿನ ರಾತ್ರಿ ಕರೆಂಟೇ ಮೊದಲನೆಯದಾಗಿದ್ದರೆ ಆ ಕಾರಣಗಳ ಪಟ್ಟಿಯ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.